ಶಾಲೆ ಅಂಗಳ ಹಸಿರು ಮಾಡ್ಲಿಕ್ಕೆ ಹೊರಟಿದ್ದೀರಾ? ಮೊದ್ಲು ನೀರು ನೋಡಿ, ಗಿಡ ಆಮೇಲೆ

ಜೂನ್ 5ರ ಪರಿಸರ ದಿನ ಬಂತೆಂದ್ರೆ ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಗಿಡ ನೆಡುವ ಗೌಜಿ, ಫೋಟೊ, ಸ್ಟೇಟಸ್ ಎಲ್ಲ ಜೋರು, ಮುಂದಿನ ಎಪ್ರಿಲ್‌ಗೆ ನೋಡಿದ್ರೆ ಹೆಚ್ಚಿನದ್ದು ಒಣಗಿ ಕಡ್ಡಿ. ಮಳೆಗೇನೂ ಬರ ಇಲ್ಲ ಮಾರಾಯ್ರೆ, ವರ್ಷಕ್ಕೆ 3000 ಮಿ.ಮೀ. ಮೇಲೆ ಬರ್ತದೆ, ಆದ್ರೆ ಮುಕ್ಕಾಲು ಪಾಲು ಸೆಪ್ಟೆಂಬರ್ ಒಳಗೇ ಸುರಿದು ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆಯಿಂದ ಜಾರಿ ತೋಡು, ಹೊಳೆ, ಸಮುದ್ರ.

ಹಾಗಾಗಿ ಒಂದು ಜೋರು ಮಳೆಗೆ ಮಕ್ಕಳನ್ನು ಜಗಲಿಯಲ್ಲಿ ನಿಲ್ಲಿಸಿ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗ್ತದೆ ಅಂತ ಚಿತ್ರ ಬಿಡಿಸ್ಲಿಕ್ಕೆ ಹೇಳಿ. ಅದೇ ಪ್ಲಾನ್. 100 ಚದರ ಮೀಟರ್ ಮಾಡಿಗೆ (ಛಾವಣಿಗೆ) 20 ಮಿ.ಮೀ. ಮಳೆ ಬಿದ್ರೆ 2000 ಲೀಟರ್, ಅದನ್ನು ಪೈಪಲ್ಲಿ ಇಳಿಸಿ ಜಲ್ಲಿ, ಮರಳು, ಇದ್ದಿಲಿನ ಫಿಲ್ಟರ್ ದಾಟಿಸಿ ಬಾವಿಗೆ ಬಿಡಬಹುದು. ಆರಂಭದ ಒಂದೆರಡು ಮಳೆ ನೀರು ಮಾತ್ರ ಹೊರಗೆ ಹೋಗ್ಲಿ, ಮಾಡಿನ ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದ್ರಲ್ಲೇ ಇರ್ತದೆ.

ಮತ್ತೆ ಇಂಟರ್‌ಲಾಕ್, ಅಂದ್ರೆ ನೆಲಕ್ಕೆ ಹಾಸುವ ಸಿಮೆಂಟ್ ಇಟ್ಟಿಗೆ. ಇಡೀ ಅಂಗಳಕ್ಕೆ ಅದನ್ನು ಹಾಸುವುದು ಪಿಟಿಎಗಳಿಗೆ (ರಕ್ಷಕ-ಶಿಕ್ಷಕ ಸಂಘಗಳಿಗೆ) ಈಗ ಪ್ರೆಸ್ಟೀಜ್, ಎಂತಕ್ಕೋ ನಂಗೊತ್ತಿಲ್ಲ, ಮಾರ್ಚ್ ಮಧ್ಯಾಹ್ನ ಅದ್ರ ಮೇಲೆ ಬರಿಗಾಲಲ್ಲಿ ನಿಂತವರು ಯಾರೂ ಕಮಿಟಿಯಲ್ಲಿ ಇರ್ಲಿಕ್ಕಿಲ್ಲ. ಗೇಟಿಂದ ಆಫೀಸಿಗೆ ಹೋಗುವ ದಾರಿ ಬಿಟ್ಟು ಉಳಿದದ್ದು ಕಿತ್ತು ಮಣ್ಣು ಕಾಣಿಸಿ. ಮರದ ಬುಡಕ್ಕೆ ಸಿಮೆಂಟ್ ಕಟ್ಟೆಯೂ ಬೇಡ, ಮುರಕಲ್ಲು ಸುಮ್ಮನೆ ಜೋಡಿಸಿಟ್ರೆ ಮಕ್ಕಳು ಕೂತ್ಕೊಳ್ತಾರೆ, ನೀರೂ ಇಂಗ್ತದೆ.

ಗುಂಡಿ ಮೇ ತಿಂಗಳಲ್ಲೇ ಆಗ್ಬೇಕು. ಗಟ್ಟಿ ಮುರಕಲ್ಲಲ್ಲಿ ಬೇರು ಇಳಿಯೋದಿಲ್ಲ, ಆದ್ದರಿಂದ ಎರಡೂವರೆ ಅಡಿ ಆಳ ತೋಡಿಸಿ, ತಳಕ್ಕೆ ತೆಂಗಿನ ಸಿಪ್ಪೆಯನ್ನು ಒಳಗಿನ ಗುಳಿ ಬದಿ ಮೇಲೆ ಬರುವ ಹಾಗೆ ಮಲಗಿಸಿ, ಅದ್ರ ಮೇಲೆ ಮೇಲ್ಮಣ್ಣು, ಸೆಗಣಿ ಗೊಬ್ಬರ. ತೆಂಗು ನೆಡುವಾಗ ನಮ್ಮಲ್ಲಿ ಮಾಡುವ ಉಪಾಯವೇ ಇದು, ಸಿಪ್ಪೆ ಹೀರಿದ ನೀರು ತುಂಬ ದಿನ ಇರ್ತದೆ. ಅಕೇಶಿಯಾ ದಯವಿಟ್ಟು ಬೇಡ. ಪುನರ್ಪುಳಿ, ನೇರಳೆ, ಹೆಬ್ಬಲಸು ಹಾಕಿ, ಅದೂ ಕ್ಲಾಸಿನ ಪಡು ಬದಿಗೆ, ಸಂಜೆ ಬಿಸಿಲು ಒಳಗೆ ಬರೋದಿಲ್ಲ.

ಬಿಸಿಯೂಟದ ಅಕ್ಕಿ ತೊಳೆದ ನೀರು ಬಸಳೆ ಚಪ್ಪರಕ್ಕೆ, ಕೈ ತೊಳೆದದ್ದು ಬಾಳೆ ಬುಡಕ್ಕೆ. ಹುಳಕ್ಕೆ ಬೇವಿನೆಣ್ಣೆ ಸಾಕು, ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಊರಲ್ಲಿ ಇದನ್ನು ಬೇರೆ ಹೇಳ್ಬೇಕಾ.

ಇನ್ನುಳಿದದ್ದು ಎಪ್ರಿಲ್, ಮೇ ರಜೆ. ಶಾಲೆ ಹತ್ತಿರದ ಮನೆಗಳ ಮಕ್ಕಳಿಗೆ ತಲಾ ಎರಡು ಗಿಡ ಅಂತ ಹಂಚಿ, ಪಟ್ಟಿಯನ್ನು ಮಾರ್ಚ್ ಪಿಟಿಎ ಮೀಟಿಂಗಲ್ಲೇ ಓದಿ ಹೇಳಿ, ಬಾವಿ ಪಂಪಿನ ಕೀ ಯಾರ ಮನೆಯಲ್ಲಿ ಇರ್ತದೆ ಅನ್ನೋದೂ ಆಗ್ಲೇ ತೀರ್ಮಾನ ಆಗ್ಲಿ.