ಮೇಲ್ ಎಲ್ಲಿ ಹೋಯ್ತು? ಲಾಗ್‌ನಲ್ಲಿ ಜಾಡು ಹಿಡಿಯುವುದು ಹೀಗೆ

ಮೇಲ್ ಸರ್ವರ್ ಪೋಸ್ಟ್‌ಫಿಕ್ಸ್ ಜೊತೆ, ಸ್ಪ್ಯಾಮ್-ವೈರಸ್ ಸೋಸುವ ಅಮಾವಿಸ್ ಇಟ್ಟುಕೊಂಡವರಿಗೆ ಇದು. "ಮೇಲ್ ಬಂದೇ ಇಲ್ಲ" ಅಂತ ದೂರು ಬಂದರೆ ಸುಮ್ನೆ ಸಬ್ಜೆಕ್ಟ್ ಹಾಕಿ ಹುಡುಕಬೇಡಿ. ಪೋಸ್ಟ್‌ಫಿಕ್ಸ್‌ನ ಮಾಮೂಲಿ ಲಾಗ್‌ನಲ್ಲಿ (ಸರ್ವರ್ ಬರೆದಿಡುವ ದಾಖಲೆಯಲ್ಲಿ) ಅದು ಇರುವುದೇ ಇಲ್ಲ. ಯಾರಿಗೆ ಬರಬೇಕಿತ್ತು, ಎಷ್ಟು ಹೊತ್ತಿಗೆ ಅಂತ ಕೇಳಿ, ಆ ಮೇಲ್‌ನ ಕ್ಯೂ ಐಡಿ (ಸರದಿಯಲ್ಲಿ ಪೋಸ್ಟ್‌ಫಿಕ್ಸ್ ಕೊಡುವ ಗುರುತು) ಹಿಡಿಯಿರಿ. ಅದನ್ನು ಗ್ರೆಪ್ (ಪದ ಹುಡುಕುವ ಕಮಾಂಡ್) ಮಾಡಿದರೆ ಪೋಸ್ಟ್‌ಫಿಕ್ಸ್‌ನ 'ಕ್ಲೀನಪ್' ಭಾಗ ಬರೆದ ಸಾಲಿನಲ್ಲಿ ಮೆಸೇಜ್ ಐಡಿ (ಮೇಲ್‌ನ ಹೆಡರ್‌ನಲ್ಲೇ ಇರುವ ಗುರುತು) ಸಿಗುತ್ತದೆ. ಮುಂದಿನ ಹುಡುಕಾಟವೆಲ್ಲ ಅದರಿಂದಲೇ. ಯಾಕಂದ್ರೆ ಅಮಾವಿಸ್ ನೋಡಿ ವಾಪಸ್ ಕೊಟ್ಟ ಮೇಲ್‌ಗೆ ಹೊಸ ಕ್ಯೂ ಐಡಿ ಬರುತ್ತದೆ. ಜಾಸ್ತಿ ಜನ ದಾರಿ ತಪ್ಪುವುದು ಇಲ್ಲೇ. ಮೆಸೇಜ್ ಐಡಿ ಮಾತ್ರ ಅದೇ ಇರುತ್ತದೆ.

ಅಮಾವಿಸ್ ಸಾಲಿನಲ್ಲಿ 'ಹಿಟ್ಸ್' ಪಕ್ಕದ ಸ್ಪ್ಯಾಮ್ ಅಂಕ ನೋಡಿ. ಆ ಅಂಕ ಕೊಡುವ ಸ್ಪ್ಯಾಮ್‌ಅಸ್ಯಾಸಿನ್ ತಾನಾಗಿ ಇಟ್ಟುಕೊಳ್ಳುವ ಮಿತಿ 5.0, ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ಅಮಾವಿಸ್‌ನ ಸ್ವಂತ ಮಿತಿ. 'ನೋಕ್ಯೂ ರಿಜೆಕ್ಟ್' ಅಂತ ಕಂಡರೆ ಅಮಾವಿಸ್‌ನ ಬೈಯಬೇಡಿ, ಮೇಲ್ ಬಾಗಿಲಿನಿಂದಲೇ ವಾಪಸ್ ಹೋಗಿದೆ. ಹಳೇ ಲಾಗ್ ಜಿಜಿಪ್ ಆಗಿದ್ದರೆ (ಕುಗ್ಗಿಸಿ ಇಟ್ಟಿದ್ದರೆ) ಝಡ್‌ಗ್ರೆಪ್ ಬಳಸಿ.