ಸಕ್ಕರೆ ಕಾಯಿಲೆ ಹತೋಟಿಗೆ ಬಾರದವರ ಮನೆಯಲ್ಲಿ ಮೊದಲು ವಿಚಾರಿಸಬೇಕಾದುದು

ಮಾತ್ರೆ ಕೊಟ್ಟರೂ ಸಕ್ಕರೆ ಇಳಿಯದ ಕೂಲಿಕಾರರನ್ನು ‘ಪಥ್ಯ ಮಾಡುತ್ತಿಲ್ಲ’ ಎಂದು ಗದರಿಸುವ ರೂಢಿ ನಮ್ಮಲ್ಲಿದೆ. ಗದರಿಸಿಕೊಂಡವರು ಮುಂದಿನ ತಪಾಸಣೆಗೆ ಬರುವುದನ್ನೇ ಬಿಡುತ್ತಾರೆ. ಆದ್ದರಿಂದ ಮನೆಭೇಟಿ ಮಾಡುವ ಆಶಾ ಕಾರ್ಯಕರ್ತೆಯರೂ ಸ್ವಸಹಾಯ ಸಂಘದವರೂ ಗ್ಲುಕೋಮೀಟರ್ ತೆಗೆಯುವ ಮೊದಲು ಮನೆಯ ಸ್ಥಿತಿಯನ್ನು ಅರಿಯಬೇಕು.

ಊಟದಿಂದ ಆರಂಭಿಸಿ. ತಿನ್ನಬಾರದವುಗಳ ಪಟ್ಟಿ ಒಪ್ಪಿಸದೆ, ‘ನಿನ್ನೆ ಎಷ್ಟು ಹೊತ್ತಿಗೆ ಏನು ಉಂಡಿರಿ, ಅಮ್ಮಾ?’ ಎಂದು ಕೇಳಿ. ಪಡಿತರದ ಅಕ್ಕಿಯಿಂದಲೇ ಹೊಟ್ಟೆ ತುಂಬುವ ಮನೆಯಲ್ಲಿ ಅನ್ನ ಬಿಡಿ ಎನ್ನುವುದು ಉಪವಾಸವಿರಿ ಎಂದಂತೆಯೇ. ಅನ್ನದ ಅಳತೆ ತಗ್ಗಿಸಿ, ಹುರುಳಿ, ಅಲಸಂದೆ, ಬದುವಿನ ಸೊಪ್ಪು ಹೆಚ್ಚಿಸುವ ದಾರಿ ತೋರಿಸಿ. ರಾಗಿ ಮುದ್ದೆಗೂ ಅಳತೆ ಬೇಕು; ಅದನ್ನು ಎಷ್ಟು ಉಂಡರೂ ಸಕ್ಕರೆ ಏರದು ಎಂಬ ನಂಬಿಕೆ ತಪ್ಪು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಸೊಸೆ ಇನ್ಸುಲಿನ್ ಚುಚ್ಚಿಕೊಂಡು ಕಾಯುತ್ತಿದ್ದರೆ, ರಕ್ತದ ಸಕ್ಕರೆ (ಡೆಸಿಲೀಟರಿಗೆ) 70 ಮಿಲಿಗ್ರಾಂಗಿಂತ ಕೆಳಗಿಳಿದು ಬೆವರು, ನಡುಕ, ಮಂಪರು ಬರಬಹುದೆಂಬುದನ್ನು ಅತ್ತೆ ಮತ್ತು ಗಂಡನ ಎದುರಿನಲ್ಲಿಯೇ ಹೇಳಿ. ಹಾಗಾದಾಗ, ಎಚ್ಚರವಿದ್ದರೆ, ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು.

ತಪಾಸಣೆಯನ್ನು ಊರ ನಡುವಿನ ಗುಡಿಯ ಜಗುಲಿಯಲ್ಲಿಟ್ಟರೆ ದಲಿತ ಕೇರಿಯವರು ಹಿಂಜರಿಯಬಹುದು. ಕೇರಿಗೇ ಹೋಗಿ, ಅದೂ ಕೂಲಿ ತಪ್ಪದಂತೆ ನಸುಕಿನಲ್ಲಿ. ಬರಿಹೊಟ್ಟೆಯ ಪರೀಕ್ಷೆಗೂ ಅದೇ ತಕ್ಕ ಹೊತ್ತು.

ಬಳಿಕ ಮನಸ್ಸಿನ ವಿಚಾರ. ಸಾಲ, ಬೆಳೆನಷ್ಟ, ಗಂಡನ ಕುಡಿತಗಳ ಒತ್ತಡ ದೀರ್ಘಕಾಲ ಉಳಿದಾಗ ಕಾರ್ಟಿಸಾಲ್ ಹಾರ್ಮೋನು ಹೆಚ್ಚಿ ಸಕ್ಕರೆಯನ್ನು ಏರಿಸಬಲ್ಲದು. ಮನಸ್ಸು ಕುಗ್ಗಿದವರಿಗೆ ಮಾತ್ರೆ ನುಂಗುವ ಉಮೇದೂ ಉಳಿಯುವುದಿಲ್ಲ. ಹಳ್ಳಿಯಲ್ಲಿ ‘ಖಿನ್ನತೆ’ ಎಂದು ಹೇಳಿಕೊಳ್ಳುವವರು ವಿರಳ. ‘ಯಾಕೋ ಬೇಜಾರು’, ‘ನಿದ್ದೆ ಹತ್ತೋದಿಲ್ಲ’, ‘ಕೈಕಾಲು ಉರಿ’ ಎನ್ನುತ್ತಾರೆ. ಕಾಲುರಿ ನರದ ತೊಂದರೆಯೂ ಆಗಿರಬಹುದಾದ್ದರಿಂದ ಪಾದ ನೋಡದೆ ಬಿಡಬೇಡಿ. ಕಳೆದ ಎರಡು ವಾರಗಳಲ್ಲಿ ಕೆಲಸದಲ್ಲಿ ಆಸಕ್ತಿ ಕುಂದಿತ್ತೇ, ಮನಸ್ಸು ಸೋತು ಹತಾಶೆಯಾಗಿತ್ತೇ ಎಂಬ ಎರಡು ಪ್ರಶ್ನೆಗಳನ್ನು, ನೆರೆಯವರಿಲ್ಲದಾಗ, ನಿಧಾನವಾಗಿ ಕೇಳಿ. ಹೆಚ್ಚಿನ ದಿನಗಳಲ್ಲಿ ಹಾಗಿತ್ತು ಎಂದರೆ ಸಮುದಾಯ ಆರೋಗ್ಯ ಅಧಿಕಾರಿಯ ಬಳಿಗೆ ಜೊತೆಯಲ್ಲಿಯೇ ಕರೆದೊಯ್ಯಿರಿ, ಚೀಟಿ ಬರೆದುಕೊಟ್ಟು ಸುಮ್ಮನಾಗಬೇಡಿ.

ಬದುಕು ಸಾಕೆಂಬ ಮಾತು ಬಂದರೆ ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಕೀಟನಾಶಕವನ್ನು ಹೊರಗೆ ಸಾಗಿಸಿ, ಅಲ್ಲಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು, ಕರೆಗೆ ಹಣವಿಲ್ಲ.