ತೋಟದ ಕೆಂಪು ವೈನಿನ ಗುಣ ಗುರುತಿಸುವುದು ಹೇಗೆ?

ಕೆಂಪು ವೈನಿನ ರುಚಿಯನ್ನು ವರ್ಣಿಸುವವರು ಬ್ಲ್ಯಾಕ್‌ಕರೆಂಟ್, ಸೀಡರ್ ಎಂದೆಲ್ಲ ಹೆಸರಿಸುವಾಗ, ಅವನ್ನು ಕಂಡೇ ಇರದ ನಮ್ಮ ಓದುಗರು ಹಿಂಜರಿಯುವುದು ಸಹಜ. ಆದರೆ ಒಗರನ್ನೂ ಷಡ್ರಸಗಳಲ್ಲಿ ಒಂದೆಂದು ಎಣಿಸಿದ ನಾಲಿಗೆಗೆ ಈ ಪಾನೀಯ ತೀರ ಅಪರಿಚಿತವೇನಲ್ಲ. ನಂದಿ ಬೆಟ್ಟದ ಆಸುಪಾಸಿನ ತೋಟದಲ್ಲಿ ಬೆಳೆದ ಶಿರಾಜ್ ಅಥವಾ ಕ್ಯಾಬರ್ನೆ ಸೋವಿನ್ಯೋನ್ ತಳಿಯ ದ್ರಾಕ್ಷಿಯ ವೈನಿನ ಒಂದು ಬಾಟಲಿ ಇದ್ದರೆ ಈ ಅಭ್ಯಾಸಕ್ಕೆ ಸಾಕು.

ಮೊದಲು ಲೇಬಲ್ ಓದಿ. ‘ಎಸ್ಟೇಟ್’ ವೈನ್ ಎಂದರೆ ತಯಾರಕರು ತಮ್ಮದೇ ತೋಟದ ದ್ರಾಕ್ಷಿಯಿಂದ ಮಾಡಿದ್ದು. ಹತ್ತಾರು ಕಡೆಯ ಹಣ್ಣನ್ನು ಕೊಂಡು ಬೆರೆಸಿದಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ. ಒಂದೇ ತೋಟದ ವೈನಿನಲ್ಲಿ ಆ ವರ್ಷದ ಮಳೆಬಿಸಿಲು ಮರೆಯಾಗುವುದಿಲ್ಲ. ಲೇಬಲ್ಲಿನ ಇಸವಿ ಸಾಮಾನ್ಯವಾಗಿ ಕೊಯ್ಲಿನದು. ನಮ್ಮಲ್ಲಿ ಬಳ್ಳಿಯನ್ನು ಬೇಸಿಗೆಯಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಮತ್ತೊಮ್ಮೆ ಚಾಟನಿ ಮಾಡುವುದರಿಂದ (ಕೊಂಬೆ ಕತ್ತರಿಸುವುದರಿಂದ) ಹಣ್ಣು ಮಳೆಯಿಲ್ಲದ ದಿನಗಳಲ್ಲಿ ಮಾಗಿ, ಫೆಬ್ರುವರಿ–ಮಾರ್ಚ್ ವೇಳೆಗೆ ಕೊಯ್ಲಿಗೆ ಬರುತ್ತದೆ. ಸುಮಾರು 900 ಮೀಟರ್ ಎತ್ತರದ ಈ ಪ್ರಸ್ಥಭೂಮಿಯ ತಂಪು ರಾತ್ರಿಗಳು ಹಣ್ಣಿನ ಹುಳಿಯನ್ನು ಉಳಿಸುತ್ತವೆ.

ವೈನನ್ನು ‘ಕೊಠಡಿಯ ಉಷ್ಣತೆ’ಯಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ತಣ್ಣನೆಯ ಮನೆಗಳಿಂದ ಬಂದದ್ದು, ನಮ್ಮ ಬೇಸಿಗೆಯ ಕೊಠಡಿಗೆ ಅದು ಹೊಂದುವುದಿಲ್ಲ. ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು, 16ರಿಂದ 18 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತನ್ನಿ. ಬಿಸಿಯಾಗಿದ್ದರೆ ಮದ್ಯಸಾರದ ಘಾಟು ಮೂಗಿಗೆ ಬಡಿಯುತ್ತದೆ; ತೀರ ತಣ್ಣಗಿದ್ದರೆ ಪರಿಮಳ ಅಡಗಿ ಒಗರು ಒರಟಾಗುತ್ತದೆ.

ಗ್ಲಾಸಿನ ಮೂರನೇ ಒಂದು ಭಾಗದಷ್ಟು ಸುರಿದು, ಬಿಳಿ ಕಾಗದದ ಮೇಲೆ ಓರೆ ಮಾಡಿ ನೋಡಿ. ಎಳೆಯ ವೈನಿನ ಅಂಚು ನೇರಳೆ ಹಣ್ಣಿನ ರಸದಂತೆ, ಹಳೆಯದರ ಅಂಚು ಇಟ್ಟಿಗೆಯಂತೆ ಕಾಣುತ್ತದೆ.

ಇನ್ನು ಮೂಗಿನ ಕೆಲಸ. ಇಲ್ಲಿ ಅವಸರ ಬೇಡ. ಗ್ಲಾಸನ್ನು ಅಲುಗಿಸದೆ ಒಮ್ಮೆ, ದುಂಡಗೆ ತಿರುಗಿಸಿ ಇನ್ನೊಮ್ಮೆ ಮೂಸಿ. ಶಿರಾಜ್‌ನಲ್ಲಿ ಕರಿಮೆಣಸಿನ ವಾಸನೆ ಬಂದರೆ ಅದು ಬರಿಯ ಹೋಲಿಕೆಯಲ್ಲ: ಕರಿಮೆಣಸಿನಲ್ಲಿರುವ ರೊಟಂಡೋನ್ ಎಂಬ ರಾಸಾಯನಿಕವೇ ಈ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆಯೆಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಕ್ಯಾಬರ್ನೆಯಲ್ಲಿ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಜೋರಾಗಿದ್ದರೆ ಹಣ್ಣು ಪೂರ್ತಿ ಮಾಗಿರಲಿಲ್ಲವೆಂದು ಶಂಕಿಸಬಹುದು. ವೆನಿಲಾ, ಲವಂಗದ ಪರಿಮಳ ಮಾತ್ರ ತೋಟದ್ದಲ್ಲ, ಓಕ್ ಮರದ ಪೀಪಾಯಿಯದು. ಅದೊಂದೇ ಮೂಗು ತುಂಬಿದರೆ ನೀವು ಹಣ ಕೊಟ್ಟದ್ದು ಮರಕ್ಕೆ ಎಂದೇ ನನ್ನ ಅಭಿಪ್ರಾಯ.

ಬಳಿಕ ಚಿಕ್ಕ ಗುಟುಕೊಂದನ್ನು ಐದಾರು ಸೆಕೆಂಡು ಬಾಯಲ್ಲಿ ಆಡಿಸಿ. ಹುಳಿ ಜೊಲ್ಲೂರಿಸುತ್ತದೆ, ಒಗರು ವಸಡನ್ನು ಒಣಗಿಸುತ್ತದೆ. ಸಿಪ್ಪೆ, ಬೀಜಗಳಿಂದ ಬರುವ ಟ್ಯಾನಿನ್ ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ. ಈ ಒಗರು ಮಾಗಿದ ನೇರಳೆಯಂತೆ ಮೃದುವೋ, ಅತಿಯಾಗಿ ಕುದಿಸಿದ ಚಹಾದಂತೆ ಒರಟೋ ಎಂಬುದನ್ನು ಗಮನಿಸಿ. ಜೊತೆಗೆ ಪನೀರ್ ಅಥವಾ ಮಾಂಸದ ತುಣುಕು ತಿಂದರೆ ಒಗರು ತಗ್ಗುತ್ತದೆ. ಖಾರದ ಕೋಳಿಸಾರಿನ ಜೊತೆಗಾದರೆ ಬಾಯಿಯ ಉರಿ ಹೆಚ್ಚೀತು.

ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯಿತೆಂದು ಎಣಿಸಿ, ಕಂಡದ್ದನ್ನು ನಿಮ್ಮದೇ ಮಾತಿನಲ್ಲಿ ಬರೆದಿಡಿ. ಸಾಧ್ಯವಾದರೆ ಅದೇ ತೋಟದ ಅದೇ ತಳಿಯ, ಬೇರೊಂದು ವರ್ಷದ ಬಾಟಲಿಯನ್ನು ಪಕ್ಕಕ್ಕಿಟ್ಟು ಹೋಲಿಸಿ: ಎರಡರಲ್ಲೂ ಸಿಗುವ ಗುಣದಲ್ಲಿ ತೋಟವನ್ನೂ, ಒಂದರಲ್ಲಿ ಮಾತ್ರ ಸಿಗುವುದರಲ್ಲಿ ಆ ವರ್ಷದ ಹವೆಯನ್ನೂ ಹುಡುಕಬಹುದು.